ಹಳದಿ ಗೆರೆಯ ಮೇಲೆ ಮಸಿ

“ಮೊದಲು ಹಳದಿ ಗೆರೆ ಹುಡುಕು. ಅಳೋದಿದ್ರೆ ಆಮೇಲೆ ಅಳು.”

ಮೆಂಜಿಯಾ ಸಲಿಕೆಯನ್ನು ಪಕ್ಕಕ್ಕೆ ನೆಟ್ಟು, ಗುಂಡಿಯೊಳಗೆ ಮೊಣಕಾಲೂರಿದ್ದ ಬ್ರಾಯ್ಡಾಳ ಕೈಗೆ ಚಾಕು ಕೊಟ್ಟಳು. ಪಿಜ್ ಕೋರ್ವ್ ಬೆಟ್ಟದ ಏಣಿನ, ಆ ಚೂಪು ನೆತ್ತಿಸಾಲಿನ, ಮೇಲೆ ಬೆಳಗಿನ ಹತ್ತು ಗಂಟೆಯ ಬಿಸಿಲು ಚುರುಕಾಗಿತ್ತು. ತೆಂಕಣದಿಂದ ಬಿಸಿಗಾಳಿ ಏಳುವ ಲಕ್ಷಣ. ಅದು ಬೀಸಿತೆಂದರೆ ನಾಳೆಯ ಹೊತ್ತಿಗೆ ಈ ಹಿಮ ತಾನು ಕಂಡದ್ದನ್ನೆಲ್ಲ ಮರೆತು ನೀರಾಗುತ್ತದೆ.

ಬ್ರಾಯ್ಡಾ ಅಳುತ್ತಿರಲಿಲ್ಲ. ಅವಳ ಅಪ್ಪ ಜಾಖೆನ್ ಇದೇ ಏಣಿನ ಕೆಳಗೆ ಹಿಮಕುಸಿತಕ್ಕೆ ಸಿಕ್ಕಿ ಸತ್ತು ಎಂಟು ದಿನ. ಎಂಟು ದಿನದಿಂದಲೂ ಅವಳು ಅತ್ತಿಲ್ಲ. ಇವತ್ತು ಸಂಜೆ ನಾಲ್ಕಕ್ಕೆ ಅವಳೊಂದು ಹೇಳಿಕೆಗೆ ಸಹಿ ಹಾಕಬೇಕು: ‘ಬೇಡವೆಂದರೂ ಕೇಳದೆ ನನ್ನ ತಂದೆ ಅಪಾಯದ ಇಳುಕಲಿಗೆ ಕಾಲಿಟ್ಟರು, ತಪ್ಪು ಅವರದೇ.’ ಹಾಕಿದರೆ ಕಡತ ಮುಚ್ಚುತ್ತದೆ. ಹಾಕದಿದ್ದರೆ ಆವತ್ತು ಪ್ರವಾಸಿಗಳ ಜೊತೆಗಿದ್ದ ಕಿರಿಯ ಗೈಡ್ ಎಂದು ಕೇಸು ಅವಳ ಮೇಲೆಯೇ.

ಮೂವತ್ತು ವರ್ಷ ಈ ಕಣಿವೆಯ ಜೀವಗಳನ್ನು ಕೈಹಿಡಿದು ದಾಟಿಸಿದವನನ್ನು ಮಗಳ ಕೈಯಿಂದಲೇ ಮತ್ತೊಮ್ಮೆ ಹೂಳಿಸುವ ಕಾಗದ ಅದು.

“ಸಿಕ್ತು, ಓಂಡಾ,” ಎಂದಳು ಬ್ರಾಯ್ಡಾ. ಸುರ್ಮುಂಟ್ ಊರಿನ ಎಳೆಯರಿಗೆಲ್ಲ ಮೆಂಜಿಯಾ ‘ಓಂಡಾ’, ಅತ್ತೆ.

ಗುಂಡಿಯ ಗೋಡೆಯಲ್ಲಿ ಬೆರಳು ದಪ್ಪದ ಹಳದಿ ಗೆರೆಯೊಂದು ಅಡ್ಡಕ್ಕೆ ಹರಿದಿತ್ತು. ಸಹಾರಾದ ಧೂಳು. ಕಡಲು ದಾಟಿ ಬಂದು ಹತ್ತನೇ ತಾರೀಕು ಸಂಜೆ ಇಡೀ ಕಣಿವೆಯ ಮೇಲೆ ಉದುರಿದ್ದು. ಆವತ್ತು ಊರಿನ ಹೆಂಗಸರೆಲ್ಲ ಒಣಹಾಕಿದ್ದ ಬಟ್ಟೆ ಮತ್ತೆ ತೊಳೆದಿದ್ದರು. ಮೆಂಜಿಯಾಳ ನೆನಪಿಗೆ ಬಟ್ಟೆಯ ಹಂಗು ಬೇಕಿರಲಿಲ್ಲ. ಇಪ್ಪತ್ತಾರು ವರ್ಷದಿಂದ ದಿನಾ ಬೆಳಿಗ್ಗೆ ಏಳಕ್ಕೆ ಹಿತ್ತಿಲ ಬಿಳಿ ಹಲಗೆಯ ಮೇಲೆ ಬಿದ್ದ ಹಿಮ ಅಳೆದು, ಹಲಗೆ ಒರೆಸಿ, ಅಳತೆಯನ್ನು ಹಿಮ ಸಂಶೋಧನಾ ಸಂಸ್ಥೆಗೆ ಕಳಿಸುವವಳು ಅವಳು. ಯಾವ ದಿನದ ಹಿಮ ಯಾವ ದಿನದ ಹಿಮದ ಮೇಲೆ ಮಲಗಿದೆ ಎಂಬುದು ಅವಳಿಗೆ ಸ್ವಂತ ಮನೆಯ ಮೆಟ್ಟಿಲಿದ್ದ ಹಾಗೆ.

“ಅದರ ಮೇಲೇನಿದೆ?”

ಬ್ರಾಯ್ಡಾ ಮೆಲ್ಲಗೆ ಕೆರೆದಳು. ಹಳದಿ ಗೆರೆಯ ಮೇಲೆ ಬೆರಳಗಲ ಬಿಳಿ. ಅದರ ಮೇಲೆ ಸುಟ್ಟ ಬಾಣಲೆಯ ತಳದಂಥ ಕಪ್ಪು. ಮತ್ತೆ ಅದರ ಮೇಲೆ, ಹನ್ನೊಂದರ ಸಂಜೆಯಿಂದ ಬಿದ್ದ ಶುಭ್ರ ಹೊಸ ಹಿಮ.

“ಮಸಿ,” ಎಂದಳು ಬ್ರಾಯ್ಡಾ. “ಸಿಡಿಮದ್ದಿನ ಮಸಿ.”

“ತಂತಿಗಾಡಿ ಕಂಪನಿಯ ದಾಖಲೆ ಏನನ್ನತ್ತೆ?”

“ಒಂಬತ್ತನೇ ತಾರೀಕು ಇಲ್ಲೊಂದು ಸಿಡಿತ. ಆಮೇಲೆ ಯಾವುದೂ ಇಲ್ಲ ಅಂತ.”

“ಒಂಬತ್ತಕ್ಕೆ ಸಿಡಿದಿದ್ರೆ ಮಸಿ ಧೂಳಿನ ಕೆಳಗಿರಬೇಕಿತ್ತು. ಇದು ಮೇಲಿದೆ. ಹತ್ತರ ರಾತ್ರಿ ಎರಡು ಸೆಂಟಿಮೀಟರ್ ಬಿತ್ತು, ನಾನೇ ಅಳೆದದ್ದು. ಮಸಿ ಅದರ ಮೇಲೂ ಇದೆ. ಅಂದ್ರೆ ಹನ್ನೊಂದರ ಬೆಳಿಗ್ಗೆ.” ಮೆಂಜಿಯಾ ಎದ್ದು ನಿಂತಳು. “ನಿಮ್ಮಪ್ಪ ಕೆಳಗಿದ್ದ ಬೆಳಿಗ್ಗೆ.”

ಅವರು ಮೂವತ್ತು ಹೆಜ್ಜೆ ಆಚೆ ಎರಡನೇ ಗುಂಡಿ ತೋಡಿದರು. ಏಣಿನ ಅಂಚಿನಲ್ಲಿ ಗಾಳಿ ಕಟ್ಟಿದ ಹಿಮದ ಸೂರು ಕಣಿವೆಯ ಮೇಲೆ ತೂಗಿಕೊಂಡಿತ್ತು. ಅದರಿಂದ ಎರಡಾಳು ದೂರದಲ್ಲೇ ನಿಂತು ತೋಡಿದರು. ಅಲ್ಲೂ ಹಳದಿ. ಅಲ್ಲೂ ಅದರ ಮೇಲೆ ಮಸಿ.

ಎರಡು ಸಿಡಿತ.

ಬ್ರಾಯ್ಡಾ ಸ್ಕೀ ಕೋಲಿಗೆ ಒರಗಿದಳು. “ನಾವು ಕರಿಬಂಡೆಯ ಹಿಂದಿದ್ವಿ. ಕಣ್ಣಿಗೆ ಬೆರಳು ಚುಚ್ಚಿದ್ರೂ ಕಾಣದಂಥ ಮಂಜು. ‘ನೀವಿಲ್ಲೇ ಇರಿ, ನಾನೊಬ್ನೇ ಹೋಗಿ ಇಳುಕಲು ನೋಡ್ಕೊಂಡು ಬರ್ತೀನಿ’ ಅಂತ ಅಪ್ಪ ಹೋದ್ರು. ಧಡ್ ಅಂತು. ಗುಡುಗು ಅಂದ್ಕೊಂಡೆ. ಹತ್ತು ನಿಮಿಷಕ್ಕೆ ಇನ್ನೊಂದು ಸಲ, ಜೋರಾಗಿ. ನಡುವೆ ರೇಡಿಯೊ ಗರಗರ ಅಂತು. ಅಪ್ಪನ ದನಿಯೇ. ಬಂಡೆ ಅಡ್ಡ ಇತ್ತಲ್ಲ, ಒಂದು ಮಾತೂ ಬಿಡಿಸಿ ಕೇಳಿಸ್ಲಿಲ್ಲ.”

“ಹತ್ತು ನಿಮಿಷ,” ಎಂದಳು ಮೆಂಜಿಯಾ. “ಮೊದಲನೇದು ಬಿದ್ದ ಮೇಲೂ ಬದುಕಿದ್ದ ಅಂತಾಯ್ತು. ವಾಪಸ್ ಬಂಡೆ ಹಿಂದಕ್ಕೆ ಯಾಕೆ ಬರಲಿಲ್ಲ?”

ಮೆಂಜಿಯಾ ಫ್ಲಾಸ್ಕಿನಲ್ಲಿದ್ದ ಬಾರ್ಲಿ ಗಂಜಿಯನ್ನು ಹಿಮಕ್ಕೆ ಚೆಲ್ಲಿ, ಒಳಗನ್ನು ಒರೆಸಿ, ಮಸಿ ಹಿಡಿದ ಹಿಮವನ್ನು ಧೂಳಿನ ಗೆರೆಯ ಸಮೇತ ಒತ್ತಿ ತುಂಬಿದಳು.

“ಹೊಟ್ಟೆಗೆ?” ಎಂದಳು ಬ್ರಾಯ್ಡಾ.

“ಇವತ್ತು ಸಿಟ್ಟೇ ಸಾಕು.”

* * *

ಹಿಮಕುಸಿತ ಸಮಿತಿಯ ಕಚೇರಿ, ಪ್ರವಾಸಿಗಳನ್ನು ಬೆಟ್ಟಕ್ಕೇರಿಸುವ ತಂತಿಗಾಡಿಯ ನಿಲ್ದಾಣದ ಮೇಲಂತಸ್ತಿನಲ್ಲಿತ್ತು. ಸಮಿತಿಯ ಅಧ್ಯಕ್ಷ ಚಾಸ್ಪರ್. ತಂತಿಗಾಡಿ ಕಂಪನಿಯ ಒಡೆಯನೂ ಚಾಸ್ಪರ್. ಬೆಟ್ಟ ತೆರೆದರೆ ಗೆಲ್ಲುವವನ ಕೈಗೇ ಬೆಟ್ಟ ಮುಚ್ಚುವ ಬೀಗವನ್ನೂ ಕೊಟ್ಟು ಊರು ಹನ್ನೆರಡು ವರ್ಷದಿಂದ ನೆಮ್ಮದಿಯಾಗಿ ಮಲಗಿತ್ತು.

ಅವನ ಹಿಂದಿನ ಗೋಡೆಗೆ ಬಿಲ್ಲೆ ಹಲಗೆ. ಅವರಜ್ಜಂದಿರ ಕಾಲದ್ದು. ಬೆಟ್ಟಕ್ಕೆ ಹೋಗುವ ಗೈಡು ತನ್ನ ಮನೆಗುರುತು ಸುಟ್ಟ ಮರದ ಬಿಲ್ಲೆಯನ್ನು, ತಾನು ಹೋಗುವ ಇಳುಕಲಿನ ಕೊಕ್ಕೆಗೆ ನೇತುಹಾಕುತ್ತಾನೆ. ಮರಳಿ ಬಂದು ತೆಗೆಯುತ್ತಾನೆ. ಏಣಿನ ಮೇಲೆ ನಿಂತವನಿಗೆ ಹಿಮದ ಸೂರು ಅಡ್ಡವಾಗಿ ಕೆಳಗಿರುವವರು ಕಾಣುವುದಿಲ್ಲ. ಹಾಗಾಗಿ ಕೊಕ್ಕೆಯಲ್ಲಿ ಒಂದು ಬಿಲ್ಲೆ ತೂಗುತ್ತಿದ್ದರೂ ಆ ಇಳುಕಲಿನ ಮೇಲೆ ಮದ್ದು ಸಿಡಿಸುವಂತಿಲ್ಲ. ಎಲ್ಲೂ ಬರೆಯದ, ಯಾರೂ ಮುರಿಯದ ಕಟ್ಟಳೆ.

“ಬಾ ಮೆಂಜಿಯಾ, ಬಾಮ್ಮ ಬ್ರಾಯ್ಡಾ,” ಎಂದ ಚಾಸ್ಪರ್. ಅಗಲ ಮುಖ, ಬಿಸಿಲಿಗೆ ಕಂದಿದ ಮೂಗು, ಎಲ್ಲರ ಸಾವಿಗೂ ಹೊಂದುವ ಒಂದೇ ಅಳತೆಯ ದುಃಖ. “ಅಕ್ರೋಟು ಹೂರಣದ ಕಡುಬಿದೆ. ತಿನ್ನಿ. ಪೆನ್ನೂ ಇದೆ.”

“ಪೆನ್ನು ಆಮೇಲೆ,” ಮೆಂಜಿಯಾ ಫ್ಲಾಸ್ಕನ್ನು ಮೇಜಿನ ಮೇಲೆ ಕುಕ್ಕಿದಳು. “ಏಣಿನ ಮೇಲೆ ಮಸಿ ಸಿಕ್ತು, ಚಾಸ್ಪರ್. ಧೂಳಿನ ಗೆರೆಯ ಮೇಲೆ.”

ಅವನು ಫ್ಲಾಸ್ಕ್ ಮುಟ್ಟಲಿಲ್ಲ. ನಕ್ಕ. “ಶಾಲೇಲೂ ನೀನು ಹೀಗೇ ಕಣೇ. ಮೇಷ್ಟ್ರ ಲೆಕ್ಕ ತಿದ್ದೋಕೆ ಹೋಗಿ ಬೆಂಚಿನ ಮೇಲೆ ನಿಂತಿರ್ತಿದ್ದೆ.”

“ಲೆಕ್ಕ ನಂದೇ ಸರಿಯಿರ್ತಿತ್ತು ಕಣೋ. ನೀನು ನನ್ನದನ್ನ ನೋಡಿ ಬರೀತಿದ್ದೆ.”

“ನೋಡು, ಗಾಳಿ ಬೀಸತ್ತೆ, ಹಿಮ ಮಗುಚತ್ತೆ, ಮಸಿ ಮೇಲಕ್ಕೆ ಬರತ್ತೆ. ಒಂಬತ್ತನೇ ತಾರೀಕು ನಾವು ಸಿಡಿಸಿದ್ದು ನಿಜ, ದಾಖಲೆಯಿದೆ. ಆ ಎರಡು ಗುಂಡಿ ತೋಡಿ ನೀನು ಪೊಲೀಸರ ಮುಂದೆ ಏನು ಸಾಧಿಸ್ತೀಯಾ? ನಾಳೆ ಹೊತ್ತಿಗೆ ನೀರು.”

ಮೆಂಜಿಯಾ ಕುರ್ಚಿ ಎಳೆದುಕೊಂಡು ನಿಧಾನವಾಗಿ ಕೂತಳು.

“ಎರಡು ಅಂತ ನಾನು ಹೇಳಲಿಲ್ಲ.”

ಕೆಳಗೆ ತಂತಿಗಾಡಿಯ ಚಕ್ರ ತಿರುಗುವ ಸದ್ದು. ಚಾಸ್ಪರ್ ಕಡುಬಿನ ತಟ್ಟೆಯನ್ನು ಒಂದಿಂಚು ಆಚೆ ತಳ್ಳಿದ.

“ನಿನ್ನ ದಾಖಲೆಯಲ್ಲೂ ಒಂದೇ ಸಿಡಿತ ಇರೋದು,” ಎಂದಳು ಅವಳು.

“ಕಿಟಕಿಯಿಂದ ದುರ್ಬೀನಲ್ಲಿ ನೋಡಿದೆ. ಇಬ್ರೂ ಎರಡು ಕಡೆ ಅಗೀತಿದ್ರಿ.”

“ನಮ್ಮನ್ನ ಕಾಯ್ತಾ ಕೂತಿದ್ದೆ ಅನ್ನು. ಸಂತೋಷ.”

“ಸಾಕು!” ಅವನು ಡ್ರಾಯರಿನಿಂದ ಪೊಲೀಸ್ ವರದಿಯನ್ನೆಳೆದು ಬ್ರಾಯ್ಡಾಳ ಮುಂದೆ ಹರಡಿದ. ಈಗ ದನಿಯಲ್ಲಿ ಬೆಣ್ಣೆ. “ಮಗಳೇ, ನಿಮ್ಮಪ್ಪ ನನ್ನ ಗೆಳೆಯ. ಆದ್ರೆ ಮನುಷ್ಯ. ಆವತ್ತು ಅವನು ಬಿಲ್ಲೆ ಹಾಕೋದನ್ನೇ ಮರೆತ. ಕೊಕ್ಕೆ ಖಾಲಿಯಿತ್ತು. ಬೀಪರನ್ನೂ ಮರೆತ. ಅದಕ್ಕೇ ನಿನಗೆ ಸಿಗಲಿಲ್ಲ. ನಾಯಿ ಬಂದು ಹುಡುಕೋ ಹೊತ್ತಿಗೆ ಮುಕ್ಕಾಲು ಗಂಟೆ. ಅಪಾಯದ ಮಟ್ಟ ಐದರಲ್ಲಿ ಮೂರು ಅಂತ ಗೊತ್ತಿದ್ದೂ ಹೋದ. ಇದರಲ್ಲಿ ಬೇರೆಯವರ ತಪ್ಪು ಹುಡುಕಬೇಡ.”

“ಮೊನ್ನೆ ಬೀಪರ್ ಆಫ್ ಆಗಿತ್ತು ಅಂದ್ರಿ ನೀವು,” ಬ್ರಾಯ್ಡಾ ಮೆಲ್ಲಗೆ ಹೇಳಿದಳು.

“ಆಫೋ, ಏನೋ ಒಂದು. ಕೂಗ್ತಿರಲಿಲ್ಲ. ಅಷ್ಟೇ ತಾನೆ?”

ಮೆಂಜಿಯಾ ಕನ್ನಡಕ ಏರಿಸಿಕೊಂಡು ವರದಿಯ ಮೂರನೇ ಪುಟ ಓದಿದಳು. ಒಂದು ಸಾಲಿನ ಮೇಲೆ ಬೆರಳಿಟ್ಟಳು. ಆ ಬೆರಳು ಅಲ್ಲಿಂದ ಏಳಲಿಲ್ಲ.

“‘ಮೃತನ ಎದೆಯ ಮೇಲಿದ್ದ ಬೀಪರ್ ಹುಡುಕುವ ಸ್ಥಿತಿಯಲ್ಲಿತ್ತು.’ ಆಫ್ ಅಲ್ಲ. ಹುಡುಕುವ ಸ್ಥಿತಿ.”

ಬೆಟ್ಟ ಹತ್ತುವ ಪ್ರತಿಯೊಬ್ಬರ ಎದೆಗೂ ಕಟ್ಟಿದ ಆ ಪೆಟ್ಟಿಗೆಗೆ ಎರಡೇ ಕೆಲಸ. ಕೂಗುತ್ತಿದ್ದರೆ, ಹಿಮದಡಿ ಸಿಕ್ಕವನನ್ನು ಮೇಲಿನವರು ಹುಡುಕಬಹುದು. ಹುಡುಕುವುದಕ್ಕೆ ತಿರುಗಿಸಿದರೆ ಅದು ಬೇರೆಯವರ ಕೂಗನ್ನು ಕೇಳುತ್ತದೆ, ತಾನು ಮೂಕಾಗುತ್ತದೆ.

“ಅದೇ ನಾನು ಹೇಳೋದು!” ಚಾಸ್ಪರ್ ಮುಂದಕ್ಕೆ ಬಾಗಿದ. “ಹೊರಡೋ ಮುಂಚೆ ಗೈಡು ತನ್ನದನ್ನ ಹುಡುಕೋದಕ್ಕೆ ತಿರುಗಿಸಿ ದಾರಿಗಡ್ಡ ನಿಲ್ತಾನೆ. ಮಿಕ್ಕೋರು ಒಬ್ಬೊಬ್ರೇ ಎದುರು ಹಾದು ಹೋಗ್ತಾರೆ, ಎಲ್ಲರದ್ದೂ ಕೂಗ್ತಿದೆಯಾ ಅಂತ ನೋಡ್ತಾನೆ. ಆಮೇಲೆ ತನ್ನದನ್ನ ವಾಪಸ್ ತಿರುಗಿಸಬೇಕು. ಮರೆತ. ನಮ್ಮಲ್ಲಿ ಎಷ್ಟು ಜನ ಹೀಗೆ ಮರೆತಿಲ್ಲ? ನಾನೇ ಮರೆತಿದೀನಿ. ಇದು ಗೈಡುಗಳೇ ಮಾಡೋ ತಪ್ಪು.”

ಎಂಥ ಒಪ್ಪುವ ಮಾತು. ಈ ಕಣಿವೆಯಲ್ಲಿ ಅದನ್ನು ಕೇಳಿ ತಲೆದೂಗದ ಗೈಡು ಇರಲಾರ.

“ಆವತ್ತು ಅಡ್ಡ ನಿಂತದ್ದು ನಾನು,” ಎಂದಳು ಬ್ರಾಯ್ಡಾ.

ಚಾಸ್ಪರ್‌ನ ಬಾಯಿ ಇನ್ನೂ ಅರ್ಧ ತೆರೆದೇ ಇತ್ತು.

“ಇನ್ನೆರಡು ವಾರಕ್ಕೆ ನನಗೆ ಗೈಡ್ ಪರೀಕ್ಷೆ. ‘ಇವತ್ತು ನೀನು ನಿಲ್ಲು, ರೂಢಿಯಾಗಲಿ’ ಅಂದ್ರು ಅಪ್ಪ. ಪ್ರವಾಸಿಗಳಿಬ್ರೂ ಹಾದುಹೋದ್ರು. ಕೊನೇಲಿ ಅಪ್ಪ ಹಾದುಹೋದ್ರು. ಮೂಗು ಸೊಟ್ಟ ಮಾಡಿ ಅಣಕಿಸ್ಕೊಂಡು ಹೋದ್ರು.” ಅವಳ ಕಣ್ಣು ಮೊದಲ ಸಲ ತುಂಬಿತು. ದನಿ ಮಾತ್ರ ತುಂಬಲಿಲ್ಲ. “ಅವರದು ಕೂಗ್ತಿತ್ತು. ನನ್ನ ಕಿವಿಯಾರೆ ಕೇಳಿದೀನಿ.”

“ಹಾಗಾದ್ರೆ ಮೇಲೆ ಹೋದಮೇಲೆ ಅವನೇ ತಿರುಗಿಸಿದ್ದು,” ಎಂದಳು ಮೆಂಜಿಯಾ. ಮಾತು ಅವಳ ಬಾಯಿಂದ ಒಂದೊಂದೇ ಹೆಜ್ಜೆ ಇಟ್ಟುಕೊಂಡು ಹೊರಬಂತು. “ಮಂಜಲ್ಲಿ ನಿಂತು, ಗೈಡೊಬ್ಬ ತನ್ನ ಬೀಪರನ್ನ ಹುಡುಕೋದಕ್ಕೆ ಯಾವಾಗ ತಿರುಗಿಸ್ತಾನೆ ಚಾಸ್ಪರ್? ಕಣ್ಣೆದುರಿಗೆ ಯಾರೋ ಹೂತುಹೋದಾಗ. ಅದೊಂದೇ ಕಾರಣಕ್ಕೆ. ಆ ಹತ್ತು ನಿಮಿಷ ಅವನು ಬಂಡೆ ಹಿಂದಕ್ಕೆ ಬರದೇ ಇದ್ದದ್ದು ಯಾರನ್ನೋ ಹುಡುಕೋದಕ್ಕೆ.”

“ಇವಳಿದ್ದಳು, ಪ್ರವಾಸಿಗಳಿಬ್ರೂ ಇದ್ರು. ಎಲ್ಲರೂ ಬದುಕಿದಾರೆ. ಇನ್ಯಾರನ್ನ ಹುಡುಕ್ತಾನೆ, ದೆವ್ವಾನಾ?”

“ಅದನ್ನ ನೀನೇ ಹೇಳು. ಏಣಿನ ಮೇಲೆ ಮದ್ದಿನ ಚೀಲ ಕೊಟ್ಟು ಯಾರನ್ನ ಕಳಿಸಿದ್ದೆ? ಮೊದಲ ಸಿಡಿತಕ್ಕೆ ಅವನು ಹಿಮದ ಸೂರಿನ ಜೊತೆ ಕೆಳಗೆ ಬಿದ್ದಮೇಲೆ ಎರಡನೇದನ್ನ ಯಾರು ಹಚ್ಚಿದ್ರು?”

ಅವನು ಎದ್ದ. ಬೆಣ್ಣೆಯೆಲ್ಲ ಕರಗಿ ಹೋಗಿತ್ತು. “ಸಮಿತಿಯ ಅಧ್ಯಕ್ಷನಾಗಿ ಹೇಳ್ತಿದೀನಿ. ಆ ಇಳುಕಲಿನ ಎಡಗಡೆ ಇನ್ನೂ ಹಿಮಚಪ್ಪಡಿ ತೂಗ್ತಿದೆ. ಬಿಸಿಗಾಳಿ ಬರ್ತಿದೆ. ಸಾರ್ವಜನಿಕರ ಸುರಕ್ಷತೆಗಾಗಿ ಇವತ್ತು ಮೂರಕ್ಕೆ ಅದನ್ನ ಸಿಡಿಸಿ ಬೀಳಿಸ್ತೀವಿ. ಆದೇಶಕ್ಕೆ ಬೆಳಿಗ್ಗೆಯೇ ಸಹಿಯಾಗಿದೆ.”

“ಅಡಿಯಲ್ಲಿರೋನ ಮೇಲೆ ಇನ್ನೂ ಮೂರು ಮಾಳಿಗೆ ಹಿಮ ಸುರೀತೀಯಾ.”

“ಅಡಿಯಲ್ಲಿ ಯಾರೂ ಇಲ್ಲ! ನಾಲ್ಕಕ್ಕೆ ಬಾ ಬ್ರಾಯ್ಡಾ. ಇಲ್ಲದಿದ್ರೆ ನಾಳೆ ಸಮನ್ಸ್ ಬರತ್ತೆ.”

ಬ್ರಾಯ್ಡಾ ಹೇಳಿಕೆಯ ಕಾಗದವನ್ನು ನಾಲ್ಕು ಮಡಿಕೆ ಮಾಡಿದಳು. ಅದರ ಮೇಲೆ ಪೆನ್ನಿಟ್ಟು, ಎರಡನ್ನೂ ಕಡುಬಿನ ತಟ್ಟೆಗೆ ಸರಿಸಿದಳು.

“ಸಮನ್ಸ್ ಕಳಿಸಿ. ಅಪ್ಪನ ಮನೆ ವಿಳಾಸಕ್ಕೇ ಕಳಿಸಿ.”

ಮೆಂಜಿಯಾ ಕುತ್ತಿಗೆಯ ದಾರದಿಂದ ತನ್ನ ಬಿಲ್ಲೆ ಬಿಚ್ಚಿದಳು. ಎರಡು ಗೆರೆ, ಒಂದು ಅರ್ಧಚಂದ್ರ. ಅವಳ ಮನೆಯ ಗುರುತು. ಚಾಸ್ಪರ್‌ನನ್ನು ಸುತ್ತಿ ಹೋಗಿ, ಅವನ ಕುರ್ಚಿಯ ಹಿಂದೆಯೇ ನಿಂತು, ಆ ಇಳುಕಲಿನ ಕೊಕ್ಕೆಗೆ ಅದನ್ನು ನೇತುಹಾಕಿದಳು. ಮರಕ್ಕೆ ಮರ ತಾಗಿ ಟಕ್ ಎಂದಿತು.

“ಇದು ಇಲ್ಲಿರೋವರೆಗೂ ನಿನ್ನ ಆದೇಶ ಬರೀ ಕಾಗದ. ನಮ್ಮಜ್ಜ ನಿಮ್ಮಜ್ಜ ಸೇರಿ ಹೊಡೆದ ಮೊಳೆ ಇದು.”

“ಅರುವತ್ತು ದಾಟಿದೆ ನಿನಗೆ. ಸಾಯ್ತೀಯಾ.”

ಮೆಂಜಿಯಾ ಫ್ಲಾಸ್ಕ್ ಎತ್ತಿಕೊಂಡಳು. “ಸತ್ತವನ ಮೇಲೆ ಹೊರೆ ಹೇರೋದು ಸುಲಭ ಚಾಸ್ಪರ್, ಅವನು ಇಳಿಸಲ್ಲ. ನಾನಿನ್ನೂ ಬದುಕಿದೀನಿ.”

* * *

ಕ್ಯಾಂಟೀನಿನ ಹಿಂಬಾಗಿಲಲ್ಲಿ ಲೂರ್ದೆಶ್ ಆಲೂಗಡ್ಡೆ ಸುಲಿಯುತ್ತಿದ್ದಳು. ಪೋರ್ಚುಗಲ್ಲಿನಿಂದ ಚಳಿಗಾಲದ ಕೆಲಸಕ್ಕೆ ಬರುವವರಲ್ಲಿ ಅವಳೊಬ್ಬಳು. ಅವಳ ತಮ್ಮ ಅಡೆರಿಟು ತಂತಿಗಾಡಿಯ ಕೂಲಿ. ಇಂಥವರು ನೂರಾರು ಜನ ಈ ಕಣಿವೆಯಲ್ಲಿದ್ದಾರೆ. ಹಾಸಿಗೆ ಹಾಸುತ್ತಾರೆ, ತಟ್ಟೆ ತೊಳೆಯುತ್ತಾರೆ, ಹಿಮ ಎತ್ತುತ್ತಾರೆ. ವಸಂತ ಬಂದಾಗ ಹೊರಟುಹೋಗುತ್ತಾರೆ. ಇದ್ದರೆ ಯಾರೂ ಎಣಿಸುವುದಿಲ್ಲ. ಇಲ್ಲದಿದ್ದರೆ ಯಾರೂ ಕೇಳುವುದಿಲ್ಲ.

“ನಿನ್ನ ತಮ್ಮ ಎಲ್ಲಿ?” ಮೆಂಜಿಯಾ ನೇರವಾಗಿ ಕೇಳಿದಳು.

ಚಾಕು ನಿಂತಿತು. “ಯಜಮಾನ್ರು ಹೇಳಿದ್ರು, ಹನ್ನೊಂದನೇ ತಾರೀಕು ಕೆಲಸ ಬಿಟ್ಟು ಊರಿಗೆ ಹೋದ ಅಂತ. ಮೊದಲ ಬಸ್ಸಿಗೆ.”

“ನೀನು ನಂಬಿದ್ಯಾ?”

“ದೊನಾ ಮೆಂಜಿಯಾ, ಅಮ್ಮಾವ್ರೇ, ನಂಬದೆ ಏನು ಮಾಡ್ಲಿ? ಈ ಕೆಲಸಾನೂ ಹೋಗತ್ತೆ.” ಅವಳು ಏಪ್ರನ್ನಿಗೆ ಕೈ ಒರೆಸಿಕೊಂಡಳು. “ಅವನ ಭಾನುವಾರದ ಶೂ ಮಂಚದ ಕೆಳಗಿದೆ. ಮಗಳ ಫೋಟೋ ಗೋಡೆ ಮೇಲಿದೆ. ಊರಲ್ಲಿ ಅಮ್ಮನಿಗೆ ಫೋನು ಮಾಡಿದ್ರೆ, ಅವನು ಬಂದೇ ಇಲ್ಲ ಅಂತಾಳೆ. ಶೂ ಬಿಟ್ಟು ಯಾವನು ಊರಿಗೆ ಹೋಗ್ತಾನೆ?”

“ಆವತ್ತು ಬೆಳಿಗ್ಗೆ ಅವನನ್ನ ನೋಡಿದ್ಯಾ?”

“ನೋಡ್ದೆ ಏನು, ಜಗಳ ಆಡ್ದೆ! ನನ್ನ ರೇಡಿಯೊಗೆ ಅಂತ ಹೊಸ ಬ್ಯಾಟರಿ ತಂದಿಟ್ಟಿದ್ದೆ. ಮೂರನ್ನೂ ಎತ್ಕೊಂಡ. ‘ಕಂಪನಿ ಕೊಟ್ಟ ಬೀಪರ್ ಸತ್ತಿದೆ ಅಕ್ಕ, ಕೇಳಿದ್ರೆ ನಾಳೆ ಕೊಡ್ತೀವಿ ಅಂತಾರೆ, ನನ್ನ ಕಳಿಸ್ತಿರೋದು ಇವತ್ತು’ ಅಂದ. ಮದ್ದಿನ ಚೀಲ ಹೊತ್ಕೊಂಡು ಏಣಿನ ಮೇಲಕ್ಕೆ ಹೋದ. ‘ಸಂಜೆ ವಾಪಸ್ ಕೊಡೋ ಕಳ್ಳ’ ಅಂತ ಬೈದೆ.” ಅವಳು ಚಾಕುವನ್ನು ಸಿಪ್ಪೆಯ ಮೇಲಿಟ್ಟಳು. “ಅದೇ ಕೊನೇ ಮಾತು.”

ಮೆಂಜಿಯಾ ಬ್ರಾಯ್ಡಾಳನ್ನು ನೋಡಿದಳು. ಇಬ್ಬರೂ ಒಂದೇ ಸಂಖ್ಯೆಯನ್ನು ಯೋಚಿಸುತ್ತಿದ್ದರು. ಹೊಸ ಬ್ಯಾಟರಿಯಾದರೆ ಬೀಪರ್ ಹನ್ನೆರಡು ದಿನ ಕೂಗುತ್ತದೆ. ಇವತ್ತಿಗೆ ಎಂಟು.

“ಲೂರ್ದೆಶ್,” ಎಂದಳು ಮೆಂಜಿಯಾ, “ಅವನು ಬದುಕಿದಾನೆ ಅಂತ ನಾನು ಹೇಳಲ್ಲ. ಸುಳ್ಳು ಹೇಳಲ್ಲ. ಆದ್ರೆ ಅವನನ್ನ ಅಲ್ಲಿ ಬಿಡಲ್ಲ.”

* * *

ಎರಡೂವರೆಗೆ ಅವರು ಕರಿಬಂಡೆಯ ಮರೆಯಲ್ಲಿದ್ದರು. ಎದುರಿಗೆ ಇಳುಕಲು. ಕುಸಿದ ಹಿಮ ನಡುವಿನ ಇನ್ನೊಂದು ಬಂಡೆಗೆ ಬಡಿದು ಎರಡು ನಾಲಿಗೆಯಾಗಿ ಕೆಳಗೆ ಹರಿದು ಗಟ್ಟಿಯಾಗಿತ್ತು. ಎಡ ನಾಲಿಗೆಯಲ್ಲಿ ಜಾಖೆನ್ ಸಿಕ್ಕಿದ್ದ. ಸಿಕ್ಕಿದ ತಕ್ಷಣ ಚಾಸ್ಪರ್ ‘ಎಲ್ಲರೂ ಸಿಕ್ಕಾಯಿತು, ಮೇಲೆ ಹಿಮ ತೂಗುತ್ತಿದೆ, ಎಲ್ಲರೂ ಹೊರಡಿ’ ಎಂದು ಕೂಗಿ ಹುಡುಕಾಟ ಮುಗಿಸಿದ್ದ. ಬಲ ನಾಲಿಗೆಗೆ ಯಾರೂ ಕಾಲಿಟ್ಟಿರಲಿಲ್ಲ. ಬೀಪರಿನ ಕಿವಿ ಐವತ್ತು ಮೀಟರಿಗೆ ಮುಗಿಯುತ್ತದೆ. ಎರಡು ನಾಲಿಗೆಯ ನಡುವೆ ನೂರಿತ್ತು.

“ಇಬ್ರೂ ಹೋಗೋಣ,” ಎಂದಳು ಬ್ರಾಯ್ಡಾ. “ಬೇಗ ಆಗತ್ತೆ.”

“ತೂಗೋ ಹಿಮದ ಕೆಳಗೆ ಒಂದು ಹೊತ್ತಿಗೆ ಒಬ್ರೇ. ಇನ್ನೊಬ್ರು ಮರೆಯಲ್ಲಿ ನಿಂತು ಕಣ್ಣು ಕೀಳದೆ ನೋಡಬೇಕು. ನಿಮ್ಮಪ್ಪ ನಿನಗೆ ಕಲಿಸಿದ್ದು, ನಾನು ನಿಮ್ಮಪ್ಪನಿಗೆ ಕಲಿಸಿದ್ದು. ಪರೀಕ್ಷೆಯಲ್ಲಿ ಇದನ್ನೇ ಕೇಳ್ತಾರೆ.”

“ಹಾಗಾದ್ರೆ ನಾನು ಹೋಗ್ತೀನಿ. ಸತ್ತದ್ದು ನನ್ನಪ್ಪ.”

“ನಿನ್ನಪ್ಪ ಸಿಕ್ಕಾಯ್ತು. ಇವನು ಊರಿನ ಪಾಲು. ಇವನನ್ನ ಕಳಿಸಿದ ಸಮಿತಿಯಲ್ಲಿ ನನ್ನ ಹೆಸರೂ ಇದೆ.” ಮೆಂಜಿಯಾ ಸ್ಕೀ ಕೋಲಿನ ಕುಣಿಕೆಯಿಂದ ಕೈ ಬಿಡಿಸಿದಳು, ಸ್ಕೀಯ ಕಾಲುಕಟ್ಟು ಸಡಿಲಿಸಿದಳು, ಹಿಮ ಎಳೆದರೆ ಅವು ಲಂಗರಾಗುತ್ತವೆ. ತನ್ನ ಬೀಪರನ್ನು ಹುಡುಕುವುದಕ್ಕೆ ತಿರುಗಿಸಿದಳು. ಈಗ ಅವಳೂ ಮೂಕಿ. ಹಿಮ ನುಂಗಿದರೆ ಅವಳನ್ನು ಯಾವ ಯಂತ್ರವೂ ಹುಡುಕಲಾರದು.

“ಓಂಡಾ,” ಬ್ರಾಯ್ಡಾ ಹೇಳಿದಳು, “ಬಿಲ್ಲೆ ಹಾಕಿದೀವಲ್ಲ. ಸಿಡಿಸಲ್ಲ ಅಲ್ವಾ?”

“ಸಿಡಿಸಬಾರದು,” ಎಂದಳು ಮೆಂಜಿಯಾ. ಅದು ಉತ್ತರವಾಗಿರಲಿಲ್ಲ.

ಬಲ ನಾಲಿಗೆಯ ಮೇಲೆ ಹಿಮದ ಹೆಂಟೆಗಳು ಕಲ್ಲಾಗಿದ್ದವು. ಇಪ್ಪತ್ತು ಹೆಜ್ಜೆ ಈ ಕಡೆ, ತಿರುಗಿ ಇಪ್ಪತ್ತು ಹೆಜ್ಜೆ ಆ ಕಡೆ. ಏನೂ ಇಲ್ಲ. ಇನ್ನೂ ಕೆಳಗೆ. ಏನೂ ಇಲ್ಲ. ಮೇಲೆ, ಎಡಕ್ಕೆ, ಚಪ್ಪಡಿಯ ಅಂಚು ಒಡೆದ ಗಾಜಿನ ಹಾಗೆ ನೇರವಾಗಿ ನಿಂತಿತ್ತು. ಅವಳು ಅದನ್ನು ನೋಡಲಿಲ್ಲ. ಬೆನ್ನೇ ಅದನ್ನು ನೋಡುತ್ತಿತ್ತು.

ಬೀಪ್.

ಅವಳು ಹಾಗೇ ನಿಂತಳು. ಕಿರುಪರದೆಯ ಮೇಲೆ ಅಂಕಿ: ನಲವತ್ತೊಂದು.

ಬಾಣದ ಗುರುತು ಕೆಳಬಲಕ್ಕೆ. ಮೂವತ್ತಮೂರು. ಇಪ್ಪತ್ತಾರು. ಎಂಟು ದಿನದಿಂದ ಯಾರ ಕಿವಿಗೂ ಬೀಳದೆ, ತಂಪಿನಲ್ಲಿ, ಕತ್ತಲಲ್ಲಿ, ಕದ್ದ ಬ್ಯಾಟರಿಯ ಜೀವದಲ್ಲಿ ಅದು ಕೂಗುತ್ತಲೇ ಇತ್ತು. ಹನ್ನೊಂದು. ಆರು. ಅವಳು ಮಂಡಿಯೂರಿ ಪೆಟ್ಟಿಗೆಯನ್ನು ಹಿಮಕ್ಕೆ ತಾಗಿಸಿ ಸರಿಸಿದಳು. ಎರಡು. ಒಂದೂವರೆ. ಅದಕ್ಕಿಂತ ಕಡಿಮೆಯಾಗಲಿಲ್ಲ.

ಚುಚ್ಚುಗೋಲನ್ನು ಬಿಡಿಸಿ ನೆಟ್ಟಳು. ಹಿಮ, ಬರೀ ಹಿಮ. ಗೇಣು ಬಿಟ್ಟು ಮತ್ತೆ. ಮೂರನೇ ಸಲ ಕೋಲು ಒಂದೂವರೆ ಮೀಟರಿನಲ್ಲಿ ನಿಂತಿತು. ಕಲ್ಲಿಗೆ ತಾಗಿದರೆ ಟಣ್ ಎನ್ನುತ್ತದೆ, ನೆಲಕ್ಕೆ ತಾಗಿದರೆ ಕಚ್ಚಿಕೊಳ್ಳುತ್ತದೆ. ಇದು ಅಂಗೈಯನ್ನು ಮೆಲ್ಲಗೆ ಹಿಂದಕ್ಕೆ ತಳ್ಳಿತು, ಯಾರೋ ಒಳಗಿನಿಂದ ತಡೆದ ಹಾಗೆ.

“ಸಿಕ್ಕಿದ!” ಎಂದು ಅವಳು ಕೂಗಿದಳು. ಬಂಡೆಯ ಮರೆಯಿಂದ ಬ್ರಾಯ್ಡಾ ಎರಡೂ ಕೈ ಎತ್ತಿದಳು.

ಆಗ ಏಣಿನ ಮೇಲಿನಿಂದ ಹಾರನ್ ಕೂಗಿತು. ಉದ್ದಕ್ಕೆ, ಒಂದು ಸಲ.

ಸಿಡಿತದ ಮೊದಲ ಎಚ್ಚರಿಕೆ. ಇನ್ನೂ ಮೂರಾಗಿರಲಿಲ್ಲ.

“ಓಂಡಾ, ಬಾ!” ಬ್ರಾಯ್ಡಾ ಕಿರುಚಿದಳು. “ಬಿಟ್ಟು ಬಾ!”

ಓಡಿದರೆ ಬಂಡೆಗೆ ಮೂರು ನಿಮಿಷ. ಓಡಿದರೆ ಚಪ್ಪಡಿ ಬಿದ್ದು ಅಡೆರಿಟು ಮೂರು ಮಾಳಿಗೆಯ ಅಡಿಗೆ. ಬಿಸಿಗಾಳಿಗೆ ಮೇಲಿನ ಮಸಿ ಕರಗುತ್ತದೆ, ಇಲ್ಲಿನ ಕೂಗು ನಾಲ್ಕು ದಿನಕ್ಕೆ ನಿಲ್ಲುತ್ತದೆ. ಆಮೇಲೆ ಉಳಿಯುವುದು ಅಪ್ಪನ ತಪ್ಪೊಂದೇ, ಮಗಳ ಸಹಿಗೆ ಕಾದುಕೊಂಡು.

ಹಾರನ್ ಎರಡನೇ ಸಲ, ಕೊನೆಯ ಎಚ್ಚರಿಕೆಯಾಗಿ, ಕೂಗಿತು.

ಅವಳ ಸೊಂಟದ ರೇಡಿಯೊ, ಸಮಿತಿಯ ರೇಡಿಯೊ, ಗರಗರ ಎಂದಿತು. ಚಾಸ್ಪರ್‌ನ ದನಿ. ಆರಾಮಾಗಿ, ಕಾಫಿ ಹೇಳುವವನ ಹಾಗೆ.

“ಹಲಗೆ ನೋಡಿದೀನಿ. ಕೊಕ್ಕೆ ಖಾಲಿಯಿದೆ. ಇಳುಕಲಲ್ಲಿ ಯಾರೂ ಇಲ್ಲ. ಹಚ್ಚು.”

ಕೊಕ್ಕೆ ಖಾಲಿಯಿದೆ. ಜಾಖೆನ್ ಸತ್ತ ದಿನವೂ ಕೊಕ್ಕೆ ಖಾಲಿಯಿತ್ತು. ಅದು ಹೇಗೆ ಖಾಲಿಯಾಯಿತೆಂದು ಈಗ ಮೆಂಜಿಯಾಳಿಗೆ ಯಾರೂ ಹೇಳಬೇಕಾಗಿರಲಿಲ್ಲ.

ಅವಳು ಚುಚ್ಚುಗೋಲಿನ ಪಕ್ಕದಲ್ಲೇ, ಅಡೆರಿಟುವಿನ ಮೇಲೆಯೇ, ಕಾಲು ಚಾಚಿ ಕೂತಳು. ರೇಡಿಯೊದ ಗುಂಡಿ ಒತ್ತಿದಳು. ಚಾಸ್ಪರ್‌ನೊಂದಿಗೆ ಅವಳಿಗಿನ್ನು ಮಾತು ಉಳಿದಿರಲಿಲ್ಲ.

“ಏಣಿನ ಮೇಲಿರೋನೇ, ನೀನ್ಯಾರೋ ನನಗೆ ಗೊತ್ತಿಲ್ಲ. ನಾನು ಮೆಂಜಿಯಾ. ನಿನ್ನ ನೇರ ಕೆಳಗೆ ಕೂತಿದೀನಿ, ನಿನಗೆ ಕಾಣಲ್ಲ. ನನ್ನ ಕೆಳಗೆ ಅಡೆರಿಟು ಇದಾನೆ. ಹೋದ ವಾರ ನೀನು ನಿಂತ ಜಾಗದಲ್ಲೇ ನಿಂತಿದ್ದ, ಅವನಿಗೂ ‘ಯಾರೂ ಇಲ್ಲ’ ಅಂತಲೇ ಹೇಳಿದ್ರು. ಒಂದೇ ಒಂದು ಮಾತು ಹೇಳು ಮಗನೇ, ನಿನ್ನ ಬೀಪರಿಗೆ ಬ್ಯಾಟರಿ ಯಾರು ಕೊಟ್ರು?”

ಗುಂಡಿ ಬಿಟ್ಟಳು. ಗರಗರ. ಚಾಸ್ಪರ್ ಏನೋ ಅರಚಿದ. ಅದರ ಮೇಲೆ ಇನ್ನೊಂದು ದನಿ ಹತ್ತಿಕೊಂಡಿತು. ಎಳೆಯ ದನಿ, ಲೂರ್ದೆಶ್‌ಳ ಊರಿನ ರಾಗ.

“ದೊನಾ…” ಅವನು ಏದುಸಿರು ಬಿಡುತ್ತಿದ್ದ. “ದೊನಾ, ಬತ್ತಿ ಹಚ್ಚಾಗಿದೆ.”